ಹೂಂಗುಟ್ಟುವ ಗಿಟಾರು

ಭಾವ ಗಿಟಾರಿನ ಪೆಟ್ಟಿಗೆಯನ್ನು ಕೆಲಸದ ಮೇಜಿನ ಮೇಲೆ ಇಟ್ಟ ರೀತಿಯಲ್ಲೇ ಚಿಕ್ಕಕ್ಕನಿಗೆ ಗೊತ್ತಾಯಿತು, ಇದು ರಿಪೇರಿಗೆ ಬಂದದ್ದಲ್ಲ ಅಂತ. ರಿಪೇರಿಗೆ ತರುವವರು ಪೆಟ್ಟಿಗೆ ಇಟ್ಟು ಕೈ ಕೊಡವಿಕೊಳ್ಳುತ್ತಾರೆ, ಇನ್ನು ನಿಮ್ಮ ತಲೆನೋವು ಅನ್ನುವ ಹಾಗೆ. ಭಾವ ಇಟ್ಟ ಮೇಲೂ ಹಿಡಿಯಿಂದ ಕೈ ತೆಗೆಯಲಿಲ್ಲ. ಬಸ್ಸನ್ನು ಡಿಪೋದಲ್ಲಿ ಬಿಟ್ಟು ನೇರ ಇಲ್ಲಿಗೇ ಬಂದಿದ್ದರು. ಡ್ರೈವರ್ ಅಂಗಿಯ ಬೆನ್ನು ಸೀಟಿಗೆ ಒರಗಿ ಒರಗಿ ಸುಕ್ಕಾಗಿತ್ತು.

"ಮರಿ, ಇದನ್ನ ಕೊಟ್ಟುಬಿಡ್ತಿದ್ದೀನಿ," ಅಂದರು. "ಆ ಕಣ್ಣಿನ ಡಾಕ್ಟ್ರಿದಾರಲ್ಲ, ಹಳೇ ಗಿಟಾರು ಕೂಡಿಡೋರು, ಅವರು ಈಗ ಬರ್ತಾರೆ. ನೀನು ನೋಡಿ ಸರಿಯಿದೆ ಅಂದ್ರೆ ಮಾತ್ರ ತಗೊಳ್ತಾರಂತೆ. ನಿನ್ನ ಮಾತಿನ ಮೇಲೆ ಅಷ್ಟು ನಂಬಿಕೆ."

"ಆಯ್ತು ಭಾವ," ಅಂದಳು ಚಿಕ್ಕಕ್ಕ.

ಅಷ್ಟೇ. ಕೈಯಲ್ಲಿದ್ದ ಅರವನ್ನು ಕೆಳಗಿಡಲೂ ಇಲ್ಲ. ಯಾರದೋ ಗಿಟಾರಿಗೆ ತಂತಿ ಕೂರುವ ಮೂಳೆಯ ಪಟ್ಟಿಯನ್ನು ಉಜ್ಜುತ್ತಿದ್ದಳು, ಅದರ ಅಂಚನ್ನು ಪೂರ್ತಿ ಉಜ್ಜಿ, ಪುಡಿ ಊದಿ, ಬೆರಳಾಡಿಸಿ ನೋಡಿ ಆಮೇಲೆ ಪಕ್ಕಕ್ಕಿಟ್ಟಳು. ಅಕ್ಕನ ಗಿಟಾರು ಪರರ ಪಾಲಾಗುತ್ತಿದೆ ಅಂತ ಕೇಳಿದ ಯಾವ ತಂಗಿಯೂ ಹೀಗಿರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

ಅದು ಅಕ್ಕತಂಗಿಯರ ಅಂಗಡಿ. ಅಪ್ಪನ ಕಾಲದ್ದು. ತಂತಿ ವಾದ್ಯಗಳನ್ನು ದುರಸ್ತಿ ಮಾಡುವ ಕೆಲಸ. ಗಿರಾಕಿಗಳ ಬಾಯಲ್ಲಿ ಒಬ್ಬಳು ದೊಡ್ಡಕ್ಕ, ಇನ್ನೊಬ್ಬಳು ಚಿಕ್ಕಕ್ಕ. ಚಿಕ್ಕಕ್ಕನಿಗೆ ಐವತ್ತು ದಾಟಿ ತಲೆ ಹಣ್ಣಾದರೂ ಮನೆಯವರಿಗೆ ಮರಿಯೇ. ದೊಡ್ಡಕ್ಕ ನುಡಿಸುವವಳು, ಗಿರಾಕಿಗಳ ಜೊತೆ ಮಾತಾಡುವವಳು, ಅವರ ಕಾಲೆಳೆಯುವವಳು. ಚಿಕ್ಕಕ್ಕನದು ಕೈಕೆಲಸ. ಹೋದ ಚಳಿಗಾಲದಲ್ಲಿ ದೊಡ್ಡಕ್ಕ ತೀರಿಹೋದಳು. ಒಂದು ಮಧ್ಯಾಹ್ನ ತಲೆನೋವು ಅಂತ ಮನೆಗೆ ಹೋದವಳು ಮರುದಿನ ಇರಲಿಲ್ಲ.

ಚಿಕ್ಕಕ್ಕ ಅಳಲಿಲ್ಲ. ನೆಂಟರೆಲ್ಲ ಅವಳ ಕಣ್ಣನ್ನೇ ನೋಡುತ್ತ ಕೂತಿದ್ದರು, ಒಲೆಯ ಮೇಲಿಟ್ಟ ಹಾಲು ಈಗ ಉಕ್ಕುತ್ತೆ, ಆಗ ಉಕ್ಕುತ್ತೆ ಅಂತ ಕಾಯುವವರ ಹಾಗೆ. ಉಕ್ಕಲಿಲ್ಲ. ಕೊನೆಗೆ ಅವರೇ ಬೇಸತ್ತು ಎದ್ದು ಹೋದರು. ಚಿಕ್ಕಕ್ಕ ಅಂಗಡಿ ತೆರೆದಳು, ಕೆಲಸ ಮಾಡಿದಳು, ಉಂಡಳು, ಮಲಗಿದಳು. ಒಂದೇ ಒಂದು ವಿಷಯ ಯಾರಿಗೂ ಹೇಳಲಿಲ್ಲ. ಅವಳ ಕಿವಿ ಸತ್ತುಹೋಗಿತ್ತು. ಕೇಳಿಸುತ್ತಿತ್ತು, ಎಲ್ಲ ಸರಿಯಾಗೇ ಕೇಳಿಸುತ್ತಿತ್ತು. ಆದರೆ ನೆಗಡಿಯಾದವನಿಗೆ ಊಟ ಹೇಗೋ ಹಾಗೆ. ಒಳ್ಳೆಯ ಗಿಟಾರು, ಕೆಟ್ಟ ಗಿಟಾರು, ಹೊಸ ತಂತಿ, ತುಕ್ಕು ತಂತಿ, ಎಲ್ಲ ಒಂದೇ. ಶ್ರುತಿ ತೋರಿಸುವ ಪುಟ್ಟ ಯಂತ್ರವೊಂದು ತಂದುಕೊಂಡಿದ್ದಳು. ಹಸಿರು ದೀಪ ಹತ್ತಿದರೆ ಸರಿ, ಗಿರಾಕಿ ಕೈಗೆ ಕೊಡುವುದು. ಮೊದಲು ಅಂಥ ಯಂತ್ರ ಇಟ್ಟುಕೊಂಡವರನ್ನು ಕಂಡರೆ ಅಕ್ಕತಂಗಿಯರಿಬ್ಬರೂ ನಗುತ್ತಿದ್ದರು.

ಈಗ ಡಾಕ್ಟರು ಯಾವ ಕಿವಿಯನ್ನು ನಂಬಿಕೊಂಡು ಬರುತ್ತಿದ್ದರೋ ಆ ಕಿವಿ ಇರಲಿಲ್ಲ. ಮತ್ತೆ, ಇವತ್ತು ಹೋದರೆ ಈ ಗಿಟಾರು ಹೋಯಿತು. ಅದರ ದನಿಯನ್ನು ಇನ್ನೊಂದೇ ಸಲ, ಮೊದಲಿನ ಹಾಗೆ, ಕೇಳಬೇಕು ಅಂತ ಚಿಕ್ಕಕ್ಕನಿಗೆ ಅನಿಸಿತು. ಆಸೆ ಅಂತಲೂ ಹೇಳಲಾಗದು. ದಾರಿಯಲ್ಲಿ ಹೋಗುವಾಗ ಮನೆಯ ಬೀಗ ಹಾಕಿದೆನೋ ಇಲ್ಲವೋ ಅನಿಸುತ್ತದಲ್ಲ, ಅಷ್ಟು.

ಆ ಗಿಟಾರು ಸಿಕ್ಕಿದ್ದು ಅಪ್ಪನಿಗೆ. ಕೆಡವುತ್ತಿದ್ದ ಹಳೆಯ ಸಭಾಂಗಣವೊಂದರಲ್ಲಿ ಬಾಗಿಲು ಬಡಿದುಕೊಳ್ಳದ ಹಾಗೆ ಅದನ್ನು ಅಡ್ಡ ಇಟ್ಟಿದ್ದರಂತೆ. ಬೆನ್ನು ಸೀಳಿತ್ತು, ಒಳಗೆ ಜೇಡ ಸಂಸಾರ ಹೂಡಿತ್ತು. ಅಪ್ಪ ಮನೆಗೆ ಹೊತ್ತು ತಂದು, ಅಮ್ಮನ ಕೈಲಿ ಬೈಸಿಕೊಂಡು, ಬಿಸಿ ಅಂಟು ಹಚ್ಚಿ ಕೂಡಿಸಿದರು. ಮಾಡಿದವನ ಹೆಸರು ಒಳಗಿನ ಚೀಟಿಯಲ್ಲಿ ಅರ್ಧ ಉಳಿದಿತ್ತು. ಅವನು ಮಾಡಿದ್ದೇ ಬೆರಳೆಣಿಕೆಯಷ್ಟು, ಆಮೇಲೆ ಅವನ ಕಾರ್ಖಾನೆಗೆ ಬೆಂಕಿ ಬಿತ್ತು ಅನ್ನುತ್ತಿದ್ದರು ತಿಳಿದವರು. ನೋಡಲು ಚಿಕ್ಕದು, ಸೊಂಟ ಸಣ್ಣ. ಮುಖದ ಹಲಗೆ ಹಳೆಯ ಜೇನಿನ ಬಣ್ಣ. ದನಿ ದೊಡ್ಡದೇನಲ್ಲ. ಆದರೆ ತಂತಿ ಮೀಟಿದರೆ ಆ ಸ್ವರ ಬೇಗ ಎದ್ದು ಹೋಗುತ್ತಿರಲಿಲ್ಲ. ಹೊರಟೆ ಅಂತ ಎದ್ದು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಇನ್ನೊಂದು ಮಾತು, ಮತ್ತೊಂದು ಮಾತು ಆಡುವ ನೆಂಟರ ಹಾಗೆ ನಿಂತೇ ಇರುತ್ತಿತ್ತು. ಕೇಳಿದವರು ಸುಮ್ಮನಾಗುತ್ತಿದ್ದರು. ಬೆಲೆ ಕೇಳಿದವರಿಗೆ ದೊಡ್ಡಕ್ಕ, "ನನ್ನ ಗಂಡನ್ನ ಬೇಕಾದ್ರೆ ಕೊಡ್ತೀನಿ, ಬಸ್ಸು ಓಡಿಸೋಕೆ ಬರುತ್ತೆ," ಅನ್ನುತ್ತಿದ್ದಳು.

ಭಾವ ಪೆಟ್ಟಿಗೆಯ ಚಿಲಕ ತೆಗೆದರು.

"ಒಂದು ಕೆಲಸ ಮಾಡಿದ್ದೀನಿ, ನೋಡು," ಅಂದರು, ಸ್ವಲ್ಪ ಹೆಮ್ಮೆಯಲ್ಲಿ. "ತಲೆ ಹತ್ರ ಇಲಿ ಕಡಿದ ಗುರುತಿತ್ತಲ್ಲ. ಡಾಕ್ಟ್ರು ನೋಡಿ ಮುಖ ಸಿಂಡರಿಸಬಾರದು ಅಂತ ಪುಟ್ಟಿ ತುಂಬಿ, ಉಜ್ಜಿ, ಪಾಲಿಷ್ ಹೊಡೆದೆ. ಗೊತ್ತೇ ಆಗಲ್ಲ."

ಗಿಟಾರಿನ ತಲೆ, ಅಂದರೆ ತಂತಿ ಬಿಗಿಯುವ ಕಿವಿಗಳಿರುವ ತುದಿ, ಹೊಸ ಬೂಟಿನ ಹಾಗೆ ಹೊಳೆಯುತ್ತಿತ್ತು. ಪಾಲಿಷ್ ವಾಸನೆ ಇನ್ನೂ ಹಸಿ ಹಸಿಯಾಗಿತ್ತು.

"ಚೆನ್ನಾಗಿ ಮಾಡಿದ್ದೀರಿ ಭಾವ," ಅಂದಳು ಚಿಕ್ಕಕ್ಕ.

ಅದು ಇಲಿ ಕಡಿದ ಗುರುತಲ್ಲ. ಚಿಕ್ಕಕ್ಕನ ಹಲ್ಲಿನ ಗುರುತು.

ಅಪ್ಪನಿಗೆ ವಯಸ್ಸಾದಂತೆ ಕಿವಿ ಮಂದವಾಯಿತು. ವಾದ್ಯ ದುರಸ್ತಿ ಮಾಡುವವನಿಗೆ ಕಿವಿ ಹೋದರೆ ಉಳಿಯುವುದೇನು? ಒಂದು ದಿನ ಪೆನ್ಸಿಲನ್ನು ಹಲ್ಲಲ್ಲಿ ಕಚ್ಚಿಕೊಂಡು ಬಗ್ಗಿದ್ದಾಗ ಅದರ ತುದಿ ಗಿಟಾರಿಗೆ ತಾಗಿತು. ದೊಡ್ಡಕ್ಕ ಅದೇ ಹೊತ್ತಿಗೆ ತಂತಿ ಮೀಟಿದಳು. ಅಪ್ಪ ನಿಂತಲ್ಲೇ ನಿಂತುಬಿಟ್ಟರು. ಕಿವಿಗೆ ಕೇಳದ್ದು ಹಲ್ಲಿನ ಮೂಲಕ ತಲೆಯೊಳಗೆ ಬಂದಿತ್ತು. ಅಂದಿನಿಂದ ಅಂಗಡಿಯ ಕಡೆಯ ಪರೀಕ್ಷೆ ಅದೇ ಆಯಿತು. ಒಬ್ಬರು ನುಡಿಸುವುದು, ಇನ್ನೊಬ್ಬರು ಗಿಟಾರಿನ ತಲೆಗೆ ಬಟ್ಟೆ ಸುತ್ತಿ ಕಚ್ಚಿಕೊಳ್ಳುವುದು. ಅಂಟು ಬಿಟ್ಟಿದ್ದರೆ, ಒಳಗಿನ ಪಟ್ಟಿ ಸಡಿಲವಿದ್ದರೆ, ಕಿವಿಗಿಂತ ಮೊದಲು ಹಲ್ಲಿಗೆ ಗೊತ್ತಾಗುತ್ತಿತ್ತು. ಅಪ್ಪನ ಹಲ್ಲು ಉದುರಿದ ಮೇಲೆ ಕಚ್ಚುವ ಕೆಲಸ ಚಿಕ್ಕಕ್ಕನ ಪಾಲಿಗೆ ಬಂತು. ಅವಳ ಕಿವಿ ನೆಟ್ಟಗಿದ್ದರೂ ಅಭ್ಯಾಸ ಬಿಡಲಿಲ್ಲ. ಒಬ್ಬರೇ ಮಾಡುವ ಕೆಲಸ ಅದಲ್ಲ. ನುಡಿಸುವವರ ಬಾಯಿ ಗಿಟಾರಿನ ತಲೆಗೆ ಎಟಕುವುದಿಲ್ಲ.

ಗಿರಾಕಿಗಳಿಗೆ ಇದು ಗೊತ್ತಾಗುವ ಹಾಗಿರಲಿಲ್ಲ. ತನ್ನ ವಾದ್ಯಕ್ಕೆ ಯಾರೋ ಬಾಯಿ ಹಾಕಿದ್ದಾರೆ ಅಂದರೆ ಯಾರು ಸುಮ್ಮನಿರುತ್ತಾರೆ? ಅದಕ್ಕೇ ಶಟರ್ ಅರ್ಧ ಎಳೆದು ಮಾಡುತ್ತಿದ್ದರು. ಭಾವನಿಗೂ ಹೇಳಿರಲಿಲ್ಲ. ಸ್ವಂತ ಗಿಟಾರಿಗೆ ಮಾತ್ರ ಬಟ್ಟೆ ಬೇಡ ಅನ್ನುತ್ತಿದ್ದಳು ದೊಡ್ಡಕ್ಕ, "ನಮ್ಮದೇ ತಾನೆ, ಕಚ್ಚು." ಗುರುತು ಬಿತ್ತು. ಭಾವ ಕೇಳಿದಾಗ ಇಲಿ ಅಂದಳು. ಆ ಮನುಷ್ಯ ಮರುದಿನವೇ ಇಲಿ ಬೋನು ತಂದಿಟ್ಟರು. ವರ್ಷಗಟ್ಟಲೆ ಇಟ್ಟರು. ಒಂದೂ ಬೀಳಲಿಲ್ಲ.

"ಯಾಕೆ ಕೊಡ್ತಿದ್ದೀರಿ ಭಾವ?" ಕೇಳಬೇಕು ಅಂತ ಕೇಳಿದಳು ಚಿಕ್ಕಕ್ಕ.

ಭಾವ ಸ್ಟೂಲಿನ ಮೇಲೆ ಕೂತು ಗಂಟಲು ಸರಿಮಾಡಿಕೊಂಡರು. ಎಷ್ಟೋ ವರ್ಷದಿಂದ ಅವರಿಗೊಂದು ಒಣಕೆಮ್ಮು. ಬಸ್ಸಿನ ಹೊಗೆ, ಧೂಳು.

"ನಗಬೇಡ. ಮನೇಲಿ ನಾನು ಕೆಮ್ಮಿದ್ರೆ ಅದು ಹೂಂ ಅನ್ನುತ್ತೆ."

ಚಿಕ್ಕಕ್ಕ ನಗಲಿಲ್ಲ.

"ಪೆಟ್ಟಿಗೆಯೊಳಗಿದ್ರೂ ಅನ್ನುತ್ತೆ. ನಿಮ್ಮಕ್ಕ ಹಾಗೇ ಇದ್ದಳಲ್ಲ. ನಾನು ಆ ಕೋಣೇಲಿ ಕೆಮ್ಮಿದ್ರೆ ಇವಳು ಈ ಕೋಣೆಯಿಂದ ಹೂಂ ಅನ್ನೋಳು. ನೀರು ಬೇಕಾ ಅಂತ ಕೇಳೋಳಲ್ಲ, ಎದ್ದು ಬರೋಳೂ ಅಲ್ಲ. ಹೂಂ, ಅಷ್ಟೇ. ಇದ್ದೀಯಾ, ಇದ್ದೀನಿ ಅನ್ನೋ ಹಾಗೆ. ಈಗ ಇದು ಶುರು ಮಾಡಿದೆ. ಮೊದಮೊದಲು ಎದ್ದು ಹೋಗಿ ನೋಡ್ತಿದ್ದೆ."

"ಅದು ತಂತಿ ಭಾವ. ಹಳೇ ಮರ, ಹಗುರ. ಪಕ್ಕದಲ್ಲಿ ಸದ್ದಾದ್ರೆ ತಂತಿ ನಡುಗುತ್ತೆ. ತಂತಿ ಕೆಳಗೆ ಒಂದು ಬಟ್ಟೆ ಸಿಕ್ಕಿಸಿದ್ರೆ ಸುಮ್ಮನಾಗುತ್ತೆ."

"ಗೊತ್ತು. ಬಟ್ಟೆ ಹಿಡ್ಕೊಂಡು ನಿಂತಿದ್ದೆ ಒಂದ್ಸಲ," ಅಂದರು ಭಾವ. "ಬಾಯಿಗೆ ಬಟ್ಟೆ ತುರುಕಿದ ಹಾಗಾಗುತ್ತೆ ಅಂತ ಬಿಟ್ಟೆ. ಯಾರಾದ್ರೂ ನುಡಿಸೋರ ಮನೆಗೆ ಹೋಗಲಿ."

ಚಿಕ್ಕಕ್ಕ ತಲೆಯಾಡಿಸಿದಳು. ಮನಸ್ಸಿನಲ್ಲಿ ಏನಾದರೂ ಆಗುತ್ತದೆಯೇ ಅಂತ ನೋಡಿಕೊಂಡಳು. ಏನೂ ಆಗಲಿಲ್ಲ. ಯಂತ್ರ ಸಿಕ್ಕಿಸಿ ಗಿಟಾರಿನ ಕಿವಿ ಹಿಂಡಿದಳು. ಆರು ತಂತಿಗೂ ಹಸಿರು ದೀಪ ಹತ್ತಿತು.

ಕಣ್ಣಿನ ಡಾಕ್ಟರು ಸಣ್ಣ ದನಿಯ ಮನುಷ್ಯ. ಬಾಗಿಲಲ್ಲೇ ಕೈವಸ್ತ್ರದಿಂದ ಅಂಗೈ ಒರೆಸಿಕೊಂಡು ಬಂದರು. ಗಿಟಾರನ್ನು ಕೂಡಲೇ ಎತ್ತಿಕೊಳ್ಳಲಿಲ್ಲ. ಸುತ್ತ ಒಂದು ಸಲ ನೋಡಿ, ಜೇಬಿನಿಂದ ಪುಟ್ಟ ಟಾರ್ಚು ತೆಗೆದು ಒಳಗೆ ಬೆಳಕು ಬಿಟ್ಟು, ಕನ್ನಡಿ ಹಿಡಿದು ಇಣುಕಿದರು. ಮೇಲೆ ನೋಡಿ, ಕೆಳಗೆ ನೋಡಿ ಅನ್ನುವುದೊಂದು ಬಾಕಿ. ಬೆನ್ನಿನ ಸೀಳನ್ನು ಬೆರಳಲ್ಲಿ ಸವರಿ, "ನಿಮ್ಮ ತಂದೆಯವರ ಕೆಲಸ ಅಲ್ವಾ? ಸೊಗಸಾಗಿದೆ," ಅಂದರು. ಆಮೇಲೆ ಬೆರಳು ತಲೆಯ ಹತ್ತಿರ ಬಂತು. ಅಲ್ಲೇ ನಿಂತಿತು.

"ಇಲ್ಲಿ ಯಾಕೆ ಹೊಸ ಪಾಲಿಷ್?"

"ಸುಮ್ಮನೆ, ಚೆಂದಕ್ಕೆ," ಅಂದರು ಭಾವ.

ಡಾಕ್ಟರು ಟಾರ್ಚು ಹಿಡಿದು ನೋಡಿದರು. "ಕೆಳಗೆ ಏನೋ ತುಂಬಿದ್ದಾರೆ." ಅವರ ದನಿ ಇನ್ನೂ ಸಣ್ಣದಾಯಿತು. "ನೋಡಿ, ಬೇಜಾರು ಮಾಡ್ಕೋಬೇಡಿ. ತಲೆ ಮುರಿದು ಅಂಟಿಸಿದ್ದಾ? ಹಾಗಿದ್ರೆ ಹೇಳಿಬಿಡಿ. ತಲೆ ಮುರಿಯದೆ ಇದ್ರೆ ಇಲ್ಲಿ ಮಾತ್ರ ಯಾರೂ ಹೀಗೆ ಹೊಸದಾಗಿ ಪಾಲಿಷ್ ಹೊಡೆಯಲ್ಲ."

"ಅಯ್ಯೋ ಇಲ್ಲ ಡಾಕ್ಟ್ರೇ. ಇಲಿ ಕಡಿದಿತ್ತು."

"ಇಲಿ?"

"ಇಲಿ."

ಡಾಕ್ಟರು ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡರು. ಇಡೀ ದಿನ ಜನರ ಕಣ್ಣೊಳಗೆ ಬೆಳಕು ಬಿಟ್ಟು ನೋಡುವ ಮನುಷ್ಯ, ಆದರೂ ಭಾವನ ಕಣ್ಣನ್ನು ನೋಡಲು ಅವರಿಗೆ ಸಂಕೋಚವಾಯಿತು. ಚಿಕ್ಕಕ್ಕನ ಕಡೆ ತಿರುಗಿದರು. ಭಾವನ ಮುಖ ಸಣ್ಣಗಾಗಿತ್ತು. ಹೆಂಡತಿಯ ವಸ್ತುವನ್ನು ಮಾರಲು ಬಂದು, ಈಗ ಸುಳ್ಳುಗಾರ ಬೇರೆ ಆಗಿದ್ದರು. ಅದೂ ಇಲಿಯ ದೆಸೆಯಿಂದ.

ಚಿಕ್ಕಕ್ಕ ಎದ್ದು ಹೋಗಿ ಶಟರನ್ನು ಅರ್ಧ ಎಳೆದಳು. ಡ್ರಾಯರಿನಿಂದ ಮೊಂಡು ಚಾಕು ತೆಗೆದು, ಗಿಟಾರಿನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಪುಟ್ಟಿಯನ್ನು ಮೆಲ್ಲಗೆ ಕೆದಕಿದಳು. ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ, ಚೂರು ಚೂರಾಗಿ ಎದ್ದು ಬಂತು. ಮರ ಎಲ್ಲೂ ಸೀಳಿರಲಿಲ್ಲ. ಮೇಲೊಂದು ಸಾಲು, ಕೆಳಗೊಂದು ಸಾಲು ಪುಟ್ಟ ಕುಳಿಗಳು ಕಂಡವು, ಅಂಚು ನಯವಾಗಿ ಸವೆದವು.

"ಮುರಿದಿಲ್ಲ ಡಾಕ್ಟ್ರೇ," ಅಂದಳು. "ಇಲಿಯೂ ಅಲ್ಲ ಭಾವ. ನಾನು."

"ನೀನು ಏನು?"

"ಕಚ್ಚಿದ್ದು."

ಭಾವ ಅವಳನ್ನೇ ನೋಡಿದರು. "ಯಾಕೆ?"

ಚಿಕ್ಕಕ್ಕ ಹೇಳಿದಳು. ಅಪ್ಪನ ಪೆನ್ಸಿಲಿನಿಂದ ಹಿಡಿದು ಎಲ್ಲ. ಬೇರೆ ಯಾರದೋ ಅಂಗಡಿಯ ಕಥೆ ಹೇಳುವ ಹಾಗೆ ಹೇಳಿ ಮುಗಿಸಿದಳು. ಡಾಕ್ಟರು ತುಟಿ ಬಿಗಿಹಿಡಿದು ಕೇಳಿದರು. "ನನ್ನ ಎರಡು ಗಿಟಾರು ಇಲ್ಲಿ ರಿಪೇರಿಯಾಗಿವೆ," ಅಂದರು ಕೊನೆಗೆ.

"ಅದಕ್ಕೆ ಬಟ್ಟೆ ಸುತ್ತಿದ್ವಿ."

"ಪುಣ್ಯ."

ಭಾವ ಮಾತ್ರ ಇನ್ನೂ ಇಲಿಯ ಹತ್ತಿರವೇ ಇದ್ದರು. "ಅಷ್ಟು ವರ್ಷ ಬೋನು ಇಟ್ಟೆನಲ್ಲ ಮರಿ. ಅವಳು ದಿನಾ ಕೇಳೋಳು, ಬಿತ್ತಾ ಅಂತ."

"ಗೊತ್ತು ಭಾವ. ಇಲ್ಲಿ ಬಂದು ನಗೋಳು."

ಭಾವ ತಲೆ ತಗ್ಗಿಸಿದರು. ಅವರ ಭುಜ ಕುಲುಕಿದ್ದು ನಗುವಿಗೋ ಬೇರೆ ಯಾತಕ್ಕೋ ಹೇಳಲು ಬರುವಂತಿರಲಿಲ್ಲ.

ಡಾಕ್ಟರು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡರು. "ಹಾಗಾದ್ರೆ ನನಗೂ ಆ ಪರೀಕ್ಷೆಯೇ ಮಾಡಿ ಚಿಕ್ಕಕ್ಕ. ನಾನು ನುಡಿಸ್ತೀನಿ. ನೀವು ಹೇಳಿದ್ದೇ ಕೊನೆ."

ಬೇಡ ಅನ್ನಲು ಕಾರಣ ಹೊಳೆಯಲಿಲ್ಲ. ಚಿಕ್ಕಕ್ಕ ಸ್ಟೂಲು ಎಳೆದುಕೊಂಡು ಡಾಕ್ಟರ ಎಡಗಡೆ ಕೂತಳು. ಅಕ್ಕ ನುಡಿಸುವಾಗ ಕೂರುತ್ತಿದ್ದದ್ದೂ ಅಲ್ಲೇ. ಬಗ್ಗಿ ಕಚ್ಚಿಕೊಂಡಳು. ಹಲ್ಲುಗಳು ತಮ್ಮ ತಮ್ಮ ಕುಳಿ ಹುಡುಕಿಕೊಂಡು ಕೂತವು, ಅವಳೇನೂ ಮಾಡಬೇಕಾಗಲಿಲ್ಲ. ನಾಲಗೆಗೆ ಪಾಲಿಷಿನ ಕಹಿ ತಾಗಿತು.

ಡಾಕ್ಟರು ಚೆನ್ನಾಗಿ ನುಡಿಸುತ್ತಿದ್ದರು. ನಿಧಾನ, ಅವಸರವಿಲ್ಲ. ಸ್ವರಗಳು ದವಡೆಯಿಂದ ಹತ್ತಿ ಕೆನ್ನೆಯ ಮೂಳೆಗೆ, ಅಲ್ಲಿಂದ ತಲೆಯ ಹಿಂದಕ್ಕೆ ಹೋದವು. ಅಂಟು ಗಟ್ಟಿ ಇತ್ತು. ಒಳಗಿನ ಪಟ್ಟಿಗಳು ಸರಿಯಿದ್ದವು. ಪ್ರತಿ ಸ್ವರವೂ ಬಾಗಿಲಲ್ಲಿ ನಿಂತು ತನ್ನ ಕಡೆಯ ಮಾತಾಡಿಯೇ ಹೋಗುತ್ತಿತ್ತು. ಜೊತೆಗೆ ಟಿಕ್ ಟಿಕ್ ಅಂತ ಸಣ್ಣದೊಂದು ಸದ್ದು. ಡಾಕ್ಟರ ಕೈಗಡಿಯಾರ, ಮರಕ್ಕೆ ಒತ್ತಿಕೊಂಡಿತ್ತು. ಅದೂ ಕೇಳಿಸಿತು. ಅಂದರೆ ಕಿವಿ ಸತ್ತಿಲ್ಲ. ಎಲ್ಲ ಕೇಳಿಸುತ್ತಿದೆ.

ಕೇಳಿಸದ್ದು ಬೇರೆ. ದೊಡ್ಡಕ್ಕ ನುಡಿಸುವಾಗ ಈ ಮರದಲ್ಲಿ ಬರೀ ಸ್ವರ ಬರುತ್ತಿರಲಿಲ್ಲ. ಅವಳು ಟೀ ನುಂಗಿದ್ದು ಬರುತ್ತಿತ್ತು. ಉಸಿರು ಬರುತ್ತಿತ್ತು. ಹೊಟ್ಟೆ ಗುರ್ ಅಂದದ್ದು ಬರುತ್ತಿತ್ತು. ಗಿರಾಕಿಗಳನ್ನು ಬೈದುಕೊಂಡದ್ದಂತೂ ಸ್ಪಷ್ಟವಾಗಿ ಬರುತ್ತಿತ್ತು, "ಇದರ ಯಜಮಾನನ ಕೈಯಲ್ಲಿರೋದು ಬೆರಳಲ್ಲ ಕಣೇ, ಗುದ್ದಲಿ." ಬಾಯಲ್ಲಿ ಗಿಟಾರು ಇಟ್ಟುಕೊಂಡು ನಗಲಾಗದೆ ಚಿಕ್ಕಕ್ಕ ಜೊಲ್ಲು ಸುರಿಸುತ್ತಿದ್ದಳು. ಇಷ್ಟು ವರ್ಷ ಇದನ್ನೆಲ್ಲ ಗಿಟಾರಿನ ದನಿ ಅಂದುಕೊಂಡಿದ್ದಳು. ಈಗ ಗಿಟಾರು ತನ್ನ ಪಾಡಿಗೆ ಇತ್ತು, ಒಂದಿಷ್ಟೂ ಕೆಟ್ಟಿರಲಿಲ್ಲ. ಅದರಲ್ಲಿ ಡಾಕ್ಟರ ಗಡಿಯಾರವಿತ್ತು.

ಡಾಕ್ಟರು ನಿಲ್ಲಿಸಿದರು. ತಂತಿಗಳ ಮೇಲಿಂದ ಕೈ ತೆಗೆದು ಅವಳ ಮುಖ ನೋಡಿದರು. ಸದ್ದು ಪೂರ್ತಿ ಅಡಗಲಿ ಅಂತ ಚಿಕ್ಕಕ್ಕ ಕಚ್ಚಿಕೊಂಡೇ ಇದ್ದಳು.

ಆಗ ಮೂಲೆಯಲ್ಲಿದ್ದ ಭಾವ ಕೆಮ್ಮಿದರು.

ಹೂಂ ಅಂದಿತು.

ಹೊರಗಿಂದ ಬಂದದ್ದಲ್ಲ. ಅವಳ ಹಲ್ಲಿನ ಬುಡದಲ್ಲಿ, ದವಡೆಯಲ್ಲಿ, ಅವಳದೇ ಗಂಟಲಿನಿಂದ ಹೊರಟ ಹಾಗೆ ಬಂತು. ತಗ್ಗು ದನಿ, ಎದ್ದು ಬರುವ ಮನಸ್ಸಿಲ್ಲದವರ ದನಿ. ಮುಗಿಯುವಾಗ ಸ್ವಲ್ಪ ಮೇಲಕ್ಕೆದ್ದು ಮುಗಿಯಿತು. ಡಾಕ್ಟರಿಗೆ ಕೇಳಿಸಿರಲಾರದು. ಭಾವ ಮಾತ್ರ ಥಟ್ಟನೆ ತಲೆ ಎತ್ತಿ ಗಿಟಾರಿನ ಕಡೆ ನೋಡಿದರು. ಆಮೇಲೆ, ಮನೆಯಲ್ಲಿ ಅದೆಷ್ಟು ಸಲ ಹೀಗೆ ತಲೆ ಎತ್ತಿ ಹೀಗೆ ತಗ್ಗಿಸಿದ್ದರೋ, ಹಾಗೇ ತಗ್ಗಿಸಿದರು.

ಚಿಕ್ಕಕ್ಕ ಬಾಯಿ ಬಿಡಿಸಿಕೊಂಡು ಸೆರಗಿನಿಂದ ತುಟಿ ಒರೆಸಿಕೊಂಡಳು.

"ಏನಂತೀರಿ?" ಕೇಳಿದರು ಡಾಕ್ಟರು.

ಸರಿಯಿಲ್ಲ ಅಂದರೆ ಸಾಕಿತ್ತು. ಒಳಗೆ ಪಟ್ಟಿ ಬಿಟ್ಟಿದೆ ಅಂದರೆ ಈ ಮನುಷ್ಯ ನಂಬಿಕೊಂಡು ನಮಸ್ಕಾರ ಹೇಳಿ ಹೋಗುತ್ತಿದ್ದರು. ಗಿಟಾರು ಉಳಿಯುತ್ತಿತ್ತು. ಎಲ್ಲಿ? ಭಾವನ ಮನೆಯಲ್ಲಿ, ಅವರು ಕೆಮ್ಮುತ್ತ, ಅದು ಹೂಂ ಅನ್ನುತ್ತ. ಇಲ್ಲ ಈ ಅಂಗಡಿಯ ಗೋಡೆಯಲ್ಲಿ, ನುಡಿಸುವವರಿಲ್ಲದೆ.

"ಸರಿಯಿದೆ," ಅಂದಳು. "ಎಲ್ಲೂ ಏನೂ ಬಿಟ್ಟಿಲ್ಲ. ತಗೊಂಡು ಹೋಗಿ. ದಿನಾ ನುಡಿಸಿ. ಬಿಸಿಲಿಗೆ ಇಡಬೇಡಿ. ನುಡಿಸುವಾಗ ಗಡಿಯಾರ ಬಿಚ್ಚಿಡಿ."

ಡಾಕ್ಟರು ಮಣಿಕಟ್ಟು ನೋಡಿಕೊಂಡರು. ಹಲ್ಲಿನ ಗುರುತಿನ ಮೇಲೆ ಹೆಬ್ಬೆರಳಿಟ್ಟು, "ಇದು ಹೀಗೇ ಇರಲಿ, ಅಲ್ವಾ?" ಅಂದರು.

"ಇರಲಿ. ಯಾರಾದ್ರೂ ಕೇಳಿದ್ರೆ ಇಲಿ ಅನ್ನಿ."

ಪೆಟ್ಟಿಗೆಯ ಚಿಲಕ ಹಾಕಿದ್ದು ಡಾಕ್ಟರೇ. ಭಾವ ಬಾಗಿಲವರೆಗೆ ಹೋಗಿ ಶಟರು ಎತ್ತಿ ಹಿಡಿದರು. ಡಾಕ್ಟರ ಕಾರು ತಿರುವು ದಾಟುವವರೆಗೆ ನಿಂತಿದ್ದು ವಾಪಸು ಬಂದು ಅದೇ ಸ್ಟೂಲಿನ ಮೇಲೆ ಕೂತರು. ಕೆಲಸವಾಗಿತ್ತು, ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು, ಸ್ಟೇರಿಂಗು ಹಿಡಿದವರ ಹಾಗೆ ಕೂತರು.

ಚಿಕ್ಕಕ್ಕ ಮೇಜಿನ ಮೇಲೆ ಬಿದ್ದಿದ್ದ ಪುಟ್ಟಿಯ ಚೂರನ್ನು ಕೈಯಿಂದ ಗುಡಿಸಿ ಬುಟ್ಟಿಗೆ ಹಾಕಿದಳು. ಪಕ್ಕಕ್ಕಿಟ್ಟಿದ್ದ ಮೂಳೆಯ ಪಟ್ಟಿ ಎತ್ತಿಕೊಂಡಳು. ಇನ್ನೊಂದು ಅಂಚು ಉಳಿದಿತ್ತು. ಅಳು ಬರುತ್ತದೇನೋ ಅಂತ ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಬಾಯಲ್ಲಿ ಪಾಲಿಷಿನ ಕಹಿ ಹಾಗೇ ಇತ್ತು. ಅರ ತಗೊಂಡು ಉಜ್ಜತೊಡಗಿದಳು.

ಭಾವ ಕೆಮ್ಮಿದರು.

ಅಂಗಡಿಯಲ್ಲಿ ಏನೂ ಅನ್ನಲಿಲ್ಲ. ಗೋಡೆಯ ಮೇಲೆ ರಿಪೇರಿಗೆ ಬಂದ ಗಿಟಾರುಗಳು ತೂಗುತ್ತಿದ್ದವು, ಎಲ್ಲದರ ತಂತಿ ಸಡಿಲ. ಭಾವನ ತಲೆ ಅರ್ಧ ಎದ್ದು ಅಲ್ಲೇ ನಿಂತದ್ದನ್ನು ಚಿಕ್ಕಕ್ಕ ಓರೆಗಣ್ಣಲ್ಲಿ ಕಂಡಳು.

"ಹೂಂ," ಅಂದಳು, ಉಜ್ಜುವುದನ್ನು ನಿಲ್ಲಿಸದೆ.

ಭಾವ ಕುಳಿತಲ್ಲೇ ಸ್ವಲ್ಪ ಸರಿದು ಬೆನ್ನನ್ನು ಗೋಡೆಗೆ ಆನಿಸಿದರು.

"ಇವತ್ತು ಬಸ್ಸಲ್ಲಿ ಒಬ್ಬ ಮುದುಕ," ಅಂದರು ಆಮೇಲೆ. "ಕೊನೇ ಸ್ಟಾಪಲ್ಲೂ ಇಳೀಲಿಲ್ಲ."

"ಹೂಂ."

"ಯಾಕೆ ತಾತ ಅಂದ್ರೆ, ಹೀಗೇ ಇನ್ನೊಂದು ಸುತ್ತು ಹೋಗೋಣ ಅಂದ."

"ಹೂಂ," ಅಂದಳು ಚಿಕ್ಕಕ್ಕ.